ಹೊಳೆದಂಡೆಯ ಕೋಳಿಗೂಡು

ಈರುಳ್ಳಿಯನ್ನು ಬಲೆಚೀಲದಲ್ಲಿ ತೂಗುಹಾಕುವುದು ಅಡುಗೆಮನೆಯ ಶೋಭೆಗೆ ಕುಂದೆಂದು ಭಾವಿಸಿ, ಸೌಂದರ್ಯಪ್ರಜ್ಞೆಯ ಗುತ್ತಿಗೆಯನ್ನು ಒಬ್ಬನೇ ಹಿಡಿದವನಂತೆ ನಾನು ಅವನ್ನೆಲ್ಲ ಹೊಳೆಯುವ ಸ್ಟೀಲ್ ಡಬ್ಬಕ್ಕೆ ಸುರಿದು ಮುಚ್ಚಳ ಬಿಗಿದೆ. ಕೆಲವೇ ದಿನಗಳಲ್ಲಿ ಮನೆಯೆಲ್ಲ ನಾತ. ಹೆಂಡತಿ ಡಬ್ಬವನ್ನು ನನ್ನ ಬರೆಯುವ ಮೇಜಿನ ಮೇಲೆ ತಂದಿಟ್ಟು ಹೋದಳು. ಮೂಗು ಮುಚ್ಚಿಕೊಂಡು ಅದನ್ನೇ ನೋಡುತ್ತಿದ್ದಾಗ ಸೋಸಲೆಯ ದೊಡ್ಡಪ್ಪ ನೆನಪಾದರು.

ದೊಡ್ಡಪ್ಪನ ಹೊಲ ಕಾವೇರಿಯ ದಂಡೆಗೇ ಅಂಟಿಕೊಂಡಿತ್ತು. ದೊಡ್ಡಮ್ಮ ತೀರಿಕೊಂಡಾಗ ಅಲ್ಲೇ, ಹೊಳೆ ಕಾಣುವ ಹಾಗೆ, ಸಮಾಧಿ ಮಾಡಿದ್ದೆವು. ನಮ್ಮಲ್ಲಿ ಸತ್ತವರನ್ನು ಮಲಗಿಸುವುದಿಲ್ಲ, ಕೂರಿಸಿಯೇ ಮಣ್ಣು ಮಾಡುವುದು. ಹಾಗಾಗಿ ಅವಳು ಅಲ್ಲಿ ಕೂತಿದ್ದಾಳೆಂದೇ ದೊಡ್ಡಪ್ಪನ ಮಾತು. ಅವಳ ಪಕ್ಕದಲ್ಲಿ, ಹೊಳೆಯ ಕಡೆಗೆ, ತಮಗೂ ಜಾಗ ಬಿಟ್ಟುಕೊಂಡಿದ್ದರು. ತೊಂಬತ್ತರ ದಶಕದ ಮಳೆಗಾಲಗಳಲ್ಲಿ ಹೊಳೆ ದಂಡೆಯನ್ನು ಕೊರೆಯುತ್ತಾ ಕೊರೆಯುತ್ತಾ ಆ ಖಾಲಿ ಜಾಗದ ಅಂಚಿಗೇ ಬಂತು. ಮೊದಲು ತಮ್ಮ ಜಾಗ, ಆಮೇಲೆ ಅವಳು ಎಂದು ದೊಡ್ಡಪ್ಪ ಊಟ ನಿದ್ದೆ ಬಿಟ್ಟರು.

ಕೊನೆಗೂ ಸರ್ಕಾರದವರು ಬಂದು, ತಂತಿಬಲೆಯ ದೊಡ್ಡ ದೊಡ್ಡ ಪೆಟ್ಟಿಗೆಗಳನ್ನು ದಂಡೆಯುದ್ದಕ್ಕೂ ಇಟ್ಟು, ಒಳಗೆ ಕಾಡುಗಲ್ಲು ತುಂಬಿ, ಬಾಯಿ ಹೊಲಿದು, ಒಂದರ ಮೇಲೊಂದು ಪೇರಿಸಿ ಗೋಡೆ ಮಾಡಿದರು. ಇಂಜಿನಿಯರು ಅದನ್ನು ಗೇಬಿಯನ್ ಎಂದರು. ಊರಿನವರು ಒಮ್ಮೆ ಕಣ್ಣು ಹಾಯಿಸಿ ಕೋಳಿಗೂಡು ಎಂದರು. ಆ ಹೆಸರೇ ನಿಂತಿತು.

ಎಡವಟ್ಟಾದದ್ದು ಅಲ್ಲೇ. ಲಿಂಗಪೂಜೆಯಾಗದೆ ತೊಟ್ಟು ನೀರು ಕುಡಿಯದ, ಮೊಟ್ಟೆಯ ಹೆಸರೆತ್ತಿದರೆ ಬಾಯಿ ಮುಕ್ಕಳಿಸುತ್ತಿದ್ದ ದೊಡ್ಡಮ್ಮನ ಎದುರಿಗೆ ಕೋಳಿಗೂಡೇ? ದೊಡ್ಡಪ್ಪ ತಾಂಡ್ಯದ ಫ್ಯಾಕ್ಟರಿ ಕಟ್ಟಡಗಳಿಗೆ ಹೋಗುತ್ತಿದ್ದ ಗಾರೆಯವನೊಬ್ಬನನ್ನು ಕರೆತಂದು, ತಮ್ಮ ಹೊಲದುದ್ದಕ್ಕೂ ಗೋಡೆಗೆ ಸಿಮೆಂಟು ಮೆತ್ತಿಸಿ, ಕೆಮ್ಮಣ್ಣು ಬಳಿಸಿ, ಮೇಲೆ ವಿಭೂತಿಯ ಮೂರು ಪಟ್ಟೆ ಎಳೆಸಿದರು. ನಂಜನಗೂಡಿನಿಂದ ಹೋಗಿದ್ದ ಕಲಾರಸಿಕನಾದ ನಾನು ಎದುರು ನಿಂತು ತಲೆದೂಗಿದೆ.

ಮುಂದಿನ ಮಳೆಗಾಲದಲ್ಲಿ ಹೊಳೆ ಉಕ್ಕಿತು. ಉಕ್ಕಿದಾಗ ಏನೂ ಆಗಲಿಲ್ಲ. ಇಳಿದ ಮೇಲೆ ಆಯಿತು. ದಂಡೆಯ ಮಣ್ಣು ಕುಡಿದಿದ್ದ ನೀರಿಗೆ ಹೊರಬರಲು ದಾರಿಯಿಲ್ಲದೆ ಗೋಡೆ ಮದುವೆಯೂಟ ಮುಗಿಸಿದ ನನ್ನ ಹೊಟ್ಟೆಯಂತೆ ಮುಂದಕ್ಕೆ ಉಬ್ಬಿತು. ಗಾರೆ ಬಿರಿಯಿತು. ದೊಡ್ಡಪ್ಪ ಬಿಟ್ಟುಕೊಂಡಿದ್ದ ಜಾಗದ ನಡುವೆಯೇ ನೆಲ ಸೀಳಿತು. ಸುದ್ದಿ ಕೇಳಿ ನಾನು ಎದೆ ಹೊಡೆದುಕೊಂಡು ಓಡಿದೆ. ಗಾರೆ ಉದುರಿದ ಕಡೆ ಕಲ್ಲುಗಳ ಸಂದಿಯಿಂದ ಕೆಂಪು ನೀರು ಸಣ್ಣಗೆ ಇಳಿಯುತ್ತಿತ್ತು. ಅದನ್ನೇ ನೋಡುತ್ತಾ ನಿಂತಿದ್ದ ದೊಡ್ಡಪ್ಪ ಹಾರೆಯನ್ನು ನನ್ನ ಕೈಗೆ ಕೊಟ್ಟರು.

"ಮಿಕ್ಕಿದ್ದನ್ನೂ ಒಡ್ದಾಕ್ಲಾ. ನೀರು ಬರ್ಲಿ, ಓಗ್ಲಿ. ಬದ್ಕಿರೋಗಂಟ ಒಂದಿನಾನೂ ಬಾಗ್ಲಾಕ್ಕೊಂಡು ಕುಂತೋಳಲ್ಲ ಅವ್ಳು."

ವಿಭೂತಿಯ ಪಟ್ಟೆಗೆ ತಾಗದಂತೆ ಹಾರೆ ಹಾಕಲು ನಾನು ಜಾಗ ಹುಡುಕತೊಡಗಿದೆ. ಅವರೇ ಮೊದಲ ಪೆಟ್ಟು ಹಾಕಿದರು. ಸಂಜೆಯ ಹೊತ್ತಿಗೆ ಗೋಡೆಯುದ್ದಕ್ಕೂ ನೀರು ಜಿನುಗಿ, ಬರಬರುತ್ತಾ ತಿಳಿಯಾಯಿತು. ತಡೆಯುವುದೆಂದರೆ ಮುಚ್ಚುವುದು ಎಂದೇ ನಂಬಿದ್ದ ನನಗೆ ಆ ನೀರು ನೋಡಿ ಕಣ್ಣು ತುಂಬಿತು. ಗೋಡೆ ಸೊಟ್ಟಗಾಗಿತ್ತು, ಆದರೆ ಬಿದ್ದಿರಲಿಲ್ಲ. ವರ್ಷ ಕಳೆದಂತೆ ಸಂದಿಗಳಲ್ಲಿ ಹೊಳೆಯೇ ತಂದು ತುಂಬಿದ ಮಣ್ಣಿನಲ್ಲಿ ಗರಿಕೆ ಹಬ್ಬಿತು. ಊರಿನವರು ಈಗಲೂ ಅದನ್ನು ಕೋಳಿಗೂಡು ಎಂದೇ ಅನ್ನುತ್ತಾರೆ. ಅದರ ಹಿಂದೆ ದೊಡ್ಡಮ್ಮ ಕೂತಿದ್ದಾಳೆ. ಅವಳ ಪಕ್ಕದಲ್ಲಿ, ಹೊಳೆಯ ಕಡೆಗೆ, ದೊಡ್ಡಪ್ಪನೂ ಕೂತಿದ್ದಾರೆ.

ಕೊಳೆತದ್ದನ್ನು ಎಸೆದು, ಉಳಿದ ಈರುಳ್ಳಿಯನ್ನು ಬಲೆಚೀಲಕ್ಕೆ ತುಂಬಿ ಮತ್ತೆ ಮೊಳೆಗೆ ತೂಗುಹಾಕಿದೆ. ಸ್ವಲ್ಪ ಸೊಟ್ಟಗೇ ತೂಗುತ್ತಿದೆ. ಇರಲಿ ಬಿಡಿ.