ಗೀಟಣ್ಣ ನೋಡದ ಪಂದ್ಯ

ಗೀಟಣ್ಣ ಅನ್ನುವುದು ಅವನ ಅಪ್ಪ ಅಮ್ಮ ಇಟ್ಟ ಹೆಸರಲ್ಲ, ನಾನಿಟ್ಟದ್ದು. ಅವನು ಇಸ್ತ್ರಿ ಒತ್ತಿದ ಪ್ಯಾಂಟಿನ ಗೀಟು ಬೆರಳು ಕುಯ್ಯುವ ಹಾಗೆ ನಿಂತಿರುತ್ತದೆ. ಊರು ಬಿಟ್ಟು ಪರದೇಶಕ್ಕೆ ಬಂದ ನಾವಿಬ್ಬರೂ ಒಂದು ದೊಡ್ಡ ಹೋಟೆಲಿನ ನೆಲಮಾಳಿಗೆಯ ಲಾಂಡ್ರಿಯಲ್ಲಿ ದುಡಿಯುತ್ತೇವೆ. ಚಾದರಗಳು ರೋಲರ್ ಯಂತ್ರದಿಂದ ಬಿಸಿಬಿಸಿಯಾಗಿ ಹೊರಬಿದ್ದಾಗ ಆ ತುದಿ ಅವನು, ಈ ತುದಿ ನಾನು ಹಿಡಿದು ಮಡಚಬೇಕು. ಹಾಗಾಗಿ ದಿನವಿಡೀ ಅವನ ಮುಖ ನನ್ನೆದುರಿಗೇ. ಕಟ್ಟಿಕೊಂಡ ಹೆಂಡತಿಯ ಮುಖವನ್ನೂ ನಾನು ಇಷ್ಟು ನೋಡಿಲ್ಲ.

ಅವನಿಗೆ ಒಬ್ಬಳೇ ಮಗಳು, ಕಬಡ್ಡಿ ಆಡುತ್ತಾಳೆ. ಅವಳು ಗಿಡ್ಡ ಲಂಗ ತೊಟ್ಟು ಓಡಾಡುತ್ತಿದ್ದಾಗಲೇ ಮನೆಯ ಹಿಂದೆ ಸುಣ್ಣದ ಗೆರೆ ಎಳೆದು, "ಬಾ, ನನ್ನ ಮುಟ್ಟಿ ಹೋಗು ನೋಡೋಣ" ಅಂತ ಆಟ ಕಲಿಸಿದವನು ಇವನೇ. ಅವಳು ಕ್ರೀಡಾ ಹಾಸ್ಟೆಲಿಗೆ ಸೇರಿದ ವರ್ಷವೇ ಇವನು ವಿಮಾನ ಹತ್ತಿದ. ಹೊರಡುವಾಗ ತನ್ನ ಸಿಮ್ಮನ್ನು ಕಿತ್ತು ಅವಳ ಕೈಗಿಟ್ಟನಂತೆ. ಹಳೇ ನಂಬರು, ನೆಂಟರಿಷ್ಟರಿಗೆಲ್ಲ ಗೊತ್ತಿರುವ ನಂಬರು. ಅದು ಮಗಳ ಹತ್ತಿರ ಇದ್ದರೆ ತಾನೇ ಅವಳ ಜೊತೆಗಿದ್ದ ಹಾಗೆ ಅಂತ ಅವನ ಲೆಕ್ಕ. ಈ ಜಾಣತನವನ್ನು ನನ್ನ ಮುಂದೆ ಎಷ್ಟು ಸಲ ಹೇಳಿಕೊಂಡು ಬೀಗಿದ್ದಾನೋ.

ಈ ವರ್ಷ ಅವಳು ದೊಡ್ಡ ತಂಡಕ್ಕೆ ಆಯ್ಕೆಯಾದಳು. ತಂಡ ಫೈನಲಿಗೂ ಬಂತು. ನಮ್ಮ ಕಡೆಯ ಒಂದು ಆ್ಯಪಿನಲ್ಲಿ ಮಾತ್ರ ನೇರಪ್ರಸಾರ. ಅವಳೇ ಫೋನು ಮಾಡಿದಳು.

"ಅಪ್ಪ, ಈ ಸಲ ನೀನು ನೋಡ್ಲೇಬೇಕು. ನಾನು ಜೆರ್ಸಿ ಹಾಕ್ಕೊಂಡು ಆಡಿದ್ದು ಒಂದಾದ್ರೂ ನೋಡಿದೀಯಾ? ನಿನ್ನ ಹಳೇ ನಂಬರಲ್ಲೇ ಆ್ಯಪಲ್ಲಿ ಖಾತೆ ತೆರೆದಿದೀನಿ. ಒಟಿಪಿ ನನಗೆ ಬರುತ್ತೆ, ಓದಿ ಹೇಳ್ತೀನಿ, ಹಾಕ್ಕೋ."

ಅವಳು ಓದಿದಳು, ಇವನು ಒತ್ತಿದ, ಆ್ಯಪ್ ತೆರೆಯಿತು. ಆದರೆ ಕಬಡ್ಡಿಯ ಚಿತ್ರ ಮುಟ್ಟಿದರೆ ಪರದೆ ಕಪ್ಪಾಗಿ ಒಂದು ಸಾಲು ಬಂತು: ಈ ಪ್ರಸಾರ ನಿಮ್ಮ ಪ್ರದೇಶದಲ್ಲಿ ಲಭ್ಯವಿಲ್ಲ.

ಪ್ರದೇಶವಂತೆ, ಇವರ ಪಿಂಡ. ಮಗಳು ಇವನವಳು, ಆಟ ಕಲಿಸಿದವನು ಇವನು, ನಡುವೆ ಬಾಗಿಲು ಹಾಕಿಕೊಂಡು ಕೂತವನು ಇನ್ಯಾವನೋ. ದೇವರು ಕೊಟ್ಟರೂ ಪೂಜಾರಿ ಕೊಡ ಅನ್ನುವುದು ಸುಳ್ಳಲ್ಲ. ನನಗೆ ಮೈಯೆಲ್ಲ ಉರಿಯಿತು. ಗೀಟಣ್ಣ ಮಾತ್ರ, "ನಾವೇ ಊರು ಬಿಟ್ಟು ಬಂದವರು, ಅವರನ್ನ ಬೈದು ಏನು ಬಂತು" ಅಂದ.

ಮೈಲಿಗೆ ಬಟ್ಟೆ ತರುವ ವ್ಯಾನಿನ ಡ್ರೈವರ್ ನಮ್ಮ ಕಡೆಯವನೇ. ಅವನು ಇದಕ್ಕೆ ಮದ್ದಿದೆ ಅಂದ. ಅದಕ್ಕೆ ವಿಪಿಎನ್ ಅನ್ನುತ್ತಾರಂತೆ. "ಫೋನು ಇಲ್ಲೇ ಇರುತ್ತೆ ಅಣ್ಣ. ಆದ್ರೆ ನಾನು ಊರಲ್ಲಿದೀನಿ ಅಂತ ಸುಳ್ಳು ಹೇಳುತ್ತೆ."

"ಹೋಗ್ಲಿ ಬಿಡು, ರಜೆ ಕೇಳದೆ ಫೋನಾದ್ರೂ ಊರಿಗೆ ಹೋಗಿ ಬರಲಿ" ಅಂದ ಗೀಟಣ್ಣ.

ಪಂದ್ಯದ ದಿನ ಮಧ್ಯಾಹ್ನ ಡ್ರೈವರ್ ಅದನ್ನು ಹಾಕಿಕೊಟ್ಟು ಹೋದ. ಆ್ಯಪಿನ ಮುಖಪುಟ ತಕ್ಷಣ ಬದಲಾಯಿತು. ನಮ್ಮ ಕಡೆಯ ಸೋಪು, ನಮ್ಮ ಕಡೆಯ ಸಿಮೆಂಟು, ಎಲ್ಲದರ ಜಾಹೀರಾತೂ ಬಂತು. ಗೀಟಣ್ಣ ಆ ಸೋಪಿನ ಜಾಹೀರಾತನ್ನೇ ಬಾಯಿ ಬಿಟ್ಟುಕೊಂಡು ನೋಡಿದ. ಫೋನನ್ನು ಗಂಜಿಯ ಡಬ್ಬಕ್ಕೆ ಒರಗಿಸಿ, ಇಬ್ಬರಿಗೂ ಕಾಣುವ ಹಾಗೆ ಇಟ್ಟೆವು. ಆಟ ಶುರುವಾಗುವ ಹೊತ್ತಿಗೆ ಅವನು ಕೈ ಒರೆಸಿಕೊಂಡು ಹೋಗಿ ಕಬಡ್ಡಿಯ ಚಿತ್ರ ಮುಟ್ಟಿದ.

ಹೊಸ ಸ್ಥಳದಿಂದ ತೆರೆಯುತ್ತಿದ್ದೀರಿ, ನಿಮ್ಮ ಮೊಬೈಲಿಗೆ ಒಟಿಪಿ ಕಳಿಸಿದ್ದೇವೆ ಅಂತ ಬಂತು. ನಾವು ಚಾಪೆ ಕೆಳಗೆ ತೂರಿದರೆ ಅದು ರಂಗೋಲಿ ಕೆಳಗೆ ತೂರಿತು.

"ಬಂತಾ?" ಅಂದೆ.

"ಬರಲ್ಲ."

"ಯಾಕೆ ಬರಲ್ಲ?"

"ಅವಳ ಫೋನಿಗೆ ಹೋಗಿರುತ್ತೆ. ಫೋನು ಅವಳ ಚೀಲದಲ್ಲಿರುತ್ತೆ. ಅವಳು ಅಂಕಣದಲ್ಲಿರ್ತಾಳೆ."

ನಾನು ಬಾಯಿಗೆ ಬಂದ ಹಾಗೆ ಬೈದೆ. "ಒಂದು ಗಂಟೆ ಮುಂಚೆ ಒತ್ತಿ ನೋಡೋಕೆ ನಿನಗೇನು ರೋಗ ಬಂದಿತ್ತು?" ಅಂದೆ. ಸೋಪಿನ ಜಾಹೀರಾತು ನೋಡಿ ನಾನೂ ಹಿಗ್ಗಿದ್ದೆ ಅನ್ನುವುದು ಆಗ ನೆನಪಿಗೆ ಬರಲಿಲ್ಲ. ಅವನ ಹೆಂಡತಿ ಪಂದ್ಯ ನೋಡಲು ಹೋಗಿದ್ದಳು. ಅವಳ ಬಟನ್ ಫೋನಿಗೆ ಕರೆ ಮಾಡಿದೆವು. ಆ ಗದ್ದಲದಲ್ಲಿ ಅವಳಿಗೆ ಕೇಳಿಸಬೇಕಲ್ಲ, ಎತ್ತಲಿಲ್ಲ. ಬೇರೆ ಖಾತೆ ತೆರೆಯೋಣ ಅಂದರೆ ನನ್ನ ಊರಿನ ನಂಬರೋ, ರೀಚಾರ್ಜ್ ಇಲ್ಲದೆ ಸತ್ತು ಎಷ್ಟೋ ಕಾಲವಾಗಿತ್ತು. ಗೀಟಣ್ಣ 'ಮತ್ತೆ ಕಳಿಸಿ' ಅನ್ನುವುದನ್ನೇ ಒತ್ತುತ್ತಾ ನಿಂತ.

"ಒತ್ತಿ ಏನು ಮಾಡ್ತೀಯ?"

"ಯಾರಾದ್ರೂ ಚೀಲ ತೆಗೀಬಹುದು. ನೋಡಿ ಫೋನ್ ಮಾಡಬಹುದು."

ಒತ್ತೀ ಒತ್ತೀ ಆ್ಯಪಿಗೂ ಸಾಕಾಯಿತು. ನಾಳೆ ಪ್ರಯತ್ನಿಸಿ ಅಂದುಬಿಟ್ಟಿತು. ಅಷ್ಟರಲ್ಲಿ ಚಾದರಗಳು ಯಂತ್ರದ ಬಾಯಲ್ಲಿ ಗುಡ್ಡೆ ಬಿದ್ದಿದ್ದವು. ಅವನು ಬಂದು ತನ್ನ ತುದಿ ಹಿಡಿದ. ಆಗಾಗ ಗೋಡೆಯ ಗಡಿಯಾರ ನೋಡಿ, "ಈಗ ಅರ್ಧ ಆಟ ಆಗಿರುತ್ತೆ", "ಈಗ ಮುಗಿದಿರುತ್ತೆ" ಅನ್ನುತ್ತಿದ್ದ.

ಮುಗಿಯಿತು ಅಂದ ಮೇಲೆ ಇನ್ನೊಂದು ಮಾತು ತೆಗೆದ. "ನೋಡಿದೆ ಅಂತೀನಿ. ಪಾಪ, ಎಷ್ಟು ಆಸೆ ಇಟ್ಕೊಂಡಿತ್ತು ಕೂಸು."

"ಸುಳ್ಳು ಯಾಕೆ? ಆಗ್ಲಿಲ್ಲ ಅನ್ನು, ಅವಳೇನು ನಿನ್ನ ಗಲ್ಲಿಗೇರಿಸ್ತಾಳಾ?"

"ನಿನಗೆ ಮಗಳಿಲ್ಲ. ಸುಮ್ನಿರು."

ಕೆಲಸ ಮುಗಿಯುವ ಹೊತ್ತಿಗೆ ಹಳೇ ನಂಬರಿನಿಂದಲೇ ಕರೆ ಬಂತು. ಕೈ ಖಾಲಿಯಿಲ್ಲ, ಸ್ಪೀಕರಿಗೆ ಹಾಕಿದ.

"ಅಪ್ಪ, ನೋಡಿದ್ಯಾ?"

"ಪೂರ್ತಿ ನೋಡ್ದೆ ಪುಟ್ಟಿ, ಕಣ್ಣು ಮಿಟುಕಿಸಿಲ್ಲ. ಎಂಥಾ ಆಟ ಆಡ್ದೆ ನೀನು. ಆ ಕೊನೇ ರೈಡಂತೂ, ನನ್ನ ಎದೆ ತುಂಬಿ ಬಂತು."

"ಹೂಂ ಅಪ್ಪ," ಅಂದಳು. "ಚೆನ್ನಾಗಿ ಆಡ್ದೆ."

ಅಷ್ಟರಲ್ಲಿ ಅವಳ ತಾಯಿ ಫೋನು ಕಿತ್ತುಕೊಂಡಳು. "ಏನ್ರೀ ನೋಡಿದ್ದು ನೀವು? ಮೊದಲನೇ ರೈಡಲ್ಲೇ ಬಿದ್ಲು. ಮಂಡಿ ತಿರುಚಿ ಹೋಯ್ತು, ನಾಲ್ಕು ಜನ ಎತ್ಕೊಂಡು ಹೊರಗೆ ತಂದ್ರು. ಆಸ್ಪತ್ರೆಯಿಂದ ಮಾತಾಡ್ತಿದೀವಿ. ಇನ್ಮೇಲೆ ಆಟದ ಮಾತು ಎತ್ತಬೇಡಿ ಅಂದ್ರು ಡಾಕ್ಟರು."

ಮಡಚಿದ ಚಾದರವನ್ನೇ ಅವನು ಬಿಚ್ಚಿ ಮತ್ತೆ ಮಡಚತೊಡಗಿದ. ಹೆಂಡತಿ "ಹಲೋ, ಹಲೋ" ಅಂದು ಇಟ್ಟಳು. ಅವತ್ತು ನನಗೂ ಅಳು ಬಂತು, ಹೇಳಿಕೊಳ್ಳಲು ನಾಚಿಕೆಯೇನಿಲ್ಲ.

ಆಮೇಲೆ ಅವನು ಆ್ಯಪ್ ತೆರೆಯಲಿಲ್ಲ. ಆ ಪಂದ್ಯ ಅದರೊಳಗೆ ಇನ್ನೂ ಇದೆ, ಬೇಕಾದಾಗ ನೋಡಬಹುದು ಅಂತ ಡ್ರೈವರ್ ಹೇಳಿದರೆ, ಕೇಳಿಸದವನ ಹಾಗೆ ಇಸ್ತ್ರಿ ಎಳೆದ. ಮಗಳಿಗೆ ಫೋನು ಮಾಡಿದರೂ ಊಟ ಆಯ್ತಾ, ನೋವು ಹೇಗಿದೆ, ಅಷ್ಟೇ. ಸುಳ್ಳಿನ ಮಾತನ್ನು ಇವನೂ ಎತ್ತಲಿಲ್ಲ, ಅವಳೂ ಎತ್ತಲಿಲ್ಲ. ಒಂದು ದಿನ ನಾವು ಚಾದರ ಮಡಚುತ್ತಿದ್ದಾಗ ಅವಳಾಗಿಯೇ ಕರೆ ಮಾಡಿದಳು. ಆಪರೇಷನ್ ಆಗಿ, ಕಾಲಿಗೆ ಪಟ್ಟಿ ಬಿಗಿಸಿಕೊಂಡು ಮನೆಗೆ ಬಂದಿದ್ದಳು. ಅದೂ ಇದೂ ಮಾತಾಡಿದ ಮೇಲೆ ಅಂದಳು:

"ಅಪ್ಪ, ಅವತ್ತು ಚೀಲ ತೆಗೆದಾಗ ಫೋನಿನ ತುಂಬಾ ನಿನ್ನ ಒಟಿಪಿಗಳೇ ಇದ್ವು. ಇನ್ಮೇಲೆ ನಿನಗೆ ಆ ತೊಂದರೆ ಇಲ್ಲ ಬಿಡು. ಯಾವಾಗ ಬೇಕಾದ್ರೂ ಒತ್ತು, ತಕ್ಷಣ ಓದಿ ಹೇಳ್ತೀನಿ. ಫೋನು ಕೈಲೇ ಇರುತ್ತೆ, ನಾನು ಮನೇಲೇ ಇರ್ತೀನಿ."