ಎದುರು ಫ್ಲ್ಯಾಟಿನ ಕಾದಂಬರಿಕಾರ್ತಿ

ಕೊಲ್ಲಿ ನಾಡಿನ ಫರ್ವಾನಿಯಾದ ನಮ್ಮ ಕಟ್ಟಡದಲ್ಲಿ ಎದುರು ಫ್ಲ್ಯಾಟಿಗೆ ಆಕೆ ಬಂದದ್ದು ನಾನು ಕ್ಲಿನಿಕ್ಕಿನ ಕೆಲಸ ಬಿಟ್ಟು ಮನೆಯಲ್ಲಿ ಕೂತ ವರ್ಷ. ಕೋಲ್ಕತ್ತೆಯವರು, ನನಗಿಂತ ಹತ್ತು ವರ್ಷ ದೊಡ್ಡವರು. ಬಂಗಾಳಿಯಲ್ಲಿ ಏಳು ಕಾದಂಬರಿ ಬರೆದಿದ್ದಾರೆಂದು ನನಗೆ ತಿಳಿದದ್ದು ಎಷ್ಟೋ ತಿಂಗಳ ಮೇಲೆ, ಅದೂ ಲಿಫ್ಟಿನಲ್ಲಿ, ಅವರ ಗಂಡನ ಬಾಯಿಂದ.

"ಇಲ್ಲಿಗೆ ಬಂದ ಮೇಲೆ ಒಂದು ಸಾಲೂ ಬರೆದಿಲ್ಲ," ಎಂದರು ಆಕೆ, ನಮ್ಮಿಬ್ಬರ ಹರಕು ಹಿಂದಿಯಲ್ಲಿ. "ಹೆಂಗಸರು ಮನಬಿಚ್ಚಿ ಮಾತಾಡೋದು ಕಿವಿಗೆ ಬೀಳದೆ ನಂಗೆ ಬರೆಯೋಕ್ಕಾಗಲ್ಲ. ನೀನು ನಿನ್ನ ಭಾಷೇಲೇ ಮಾತಾಡು. ನಾನು ಸುಮ್ಮನೆ ಕೇಳ್ತೀನಿ."

"ಅರ್ಥವಾಗ್ಬೇಕಲ್ಲ ದೀದಿ?"

"ಆಗದಿದ್ರೂ ಪರವಾಗಿಲ್ಲ."

ಹಾಗೆ ದಿನಾ ಹನ್ನೊಂದು ಗಂಟೆಗೆ ನನ್ನ ಅಡುಗೆಮನೆಯಲ್ಲಿ ಕೂರತೊಡಗಿದರು. ನಾನು ಮೀನು ಹೆಚ್ಚುತ್ತ ಕೊಂಕಣಿಯಲ್ಲಿ ಏನಾದರೂ ಹೇಳುತ್ತಿದ್ದೆ. ಮೊದಮೊದಲು ನಾಚಿಕೆ. ಆಮೇಲೆ ರೂಢಿಯಾಯಿತು.

ಆ ಬೇಸಿಗೆಯಲ್ಲಿ ಮಂಗಳೂರಿನಲ್ಲಿ ಅಮ್ಮ ತೀರಿಕೊಂಡರು. ಇಕಾಮಾ, ಅಂದರೆ ವಾಸದ ಪರವಾನಗಿಯ ನವೀಕರಣಕ್ಕೆಂದು ನನ್ನ ಪಾಸ್‌ಪೋರ್ಟ್ ಕಚೇರಿಯೊಂದರಲ್ಲಿ ಸಿಕ್ಕಿಕೊಂಡಿತ್ತು. "ಅದು ಕೈಗೆ ಬರ್ಲಿ, ಮತ್ತೆ ಹೋಗುವ," ಎಂದರು ಗಂಡ. ಶವಪೆಟ್ಟಿಗೆ ಇಗರ್ಜಿಯೊಳಗೆ ಹೋಗುವುದನ್ನು ಫೋನಿನಲ್ಲಿ ನೋಡಿದೆ. ಒಂದು ವಾರದ ಮೇಲೆ ಆಕೆಯ ಎದುರು ಅಳುತ್ತ ಎಲ್ಲವನ್ನೂ ಕೊಂಕಣಿಯಲ್ಲೇ ಹೇಳಿದೆ. ಕೊನೆಯ ಸಲ ಅಮ್ಮ ಫೋನ್ ಮಾಡಿದಾಗ ಹೇಳಿದ್ದನ್ನೇ ಹೇಳುತ್ತಿದ್ದಾರೆಂದು ಬೇಸತ್ತು, ಸಿಗ್ನಲ್ ಇಲ್ಲವೆಂದು ಸುಳ್ಳು ಹೇಳಿ ನಾನೇ ಕಟ್ ಮಾಡಿದ್ದೆ. ಅದನ್ನು ಗಂಡನಿಗೂ ಹೇಳಿರಲಿಲ್ಲ. ಆಕೆ ಕದಲದೆ ಕೇಳಿದರು.

ಮರುವಾರದಿಂದ ಅವರು ಬರುವುದು ಕಡಿಮೆಯಾಯಿತು. ಬರೆಯುತ್ತಿದ್ದಾರೆ ಎಂದರು ಅವರ ಗಂಡ. ಗಂಡನ ಕೆಲಸದ ಕರಾರು ಮುಗಿದು ಅವರಿಬ್ಬರೂ ಊರಿಗೆ ಹೋದ ಮೇಲೆ ಎದುರು ಬಾಗಿಲು ಬಹಳ ಕಾಲ ಮುಚ್ಚಿಯೇ ಇತ್ತು. ಹನ್ನೊಂದು ಗಂಟೆಗೆ ನಾನು ಟೀವಿ ಹಾಕಿಕೊಳ್ಳುತ್ತಿದ್ದೆ.

ವರ್ಷದ ನಂತರ ಯಾರದೋ ಕೈಯಲ್ಲಿ ಆ ಕಾದಂಬರಿ ಕಳಿಸಿದರು. ನನಗೆ ಬಂಗಾಳಿ ಓದಲು ಬಾರದು. ಕೆಳಗಿನ ಅಂಗಡಿಯ ಟೈಲರ್ ಬಾಂಗ್ಲಾದೇಶದವನು. ಅವನ ಬಳಿ ಒಯ್ದೆ. ಅವನು ಕನ್ನಡಕ ಏರಿಸಿ ಸುಮಾರು ಹೊತ್ತು ಓದಿ, ಮುಜುಗರದಿಂದ ನನ್ನನ್ನು ನೋಡಿದ.

"ಪಕ್ಕದ ಮನೆ ಹೆಂಗಸು ಮೀನು ಹೆಚ್ಚುತ್ತ ಅಳ್ತಾಳೆ, ಬೆಹನ್. ಗಂಡನ್ನ ಬಿಟ್ಟು ಹೋಗ್ತೀನಿ ಅಂತಾಳೆ."

ನನಗೆ ನಗು ಬಂತು, ಸಿಟ್ಟೂ ಬಂತು. ಸಂಜೆ ಫೋನ್ ಮಾಡಿದೆ.

"ನಾನು ಹೇಳಿದ್ದು ಅದಲ್ಲ ದೀದಿ."

"ಗೊತ್ತು," ಎಂದರು ಆಕೆ. "ಗಂಡನ ವಿಷಯಕ್ಕೆ ಯಾರೂ ಹಾಗೆ ಅಳೋದಿಲ್ಲ. ನಿಜವಾದ್ದನ್ನ ಊಹಿಸಿ ಬರೆಯೋ ಹಕ್ಕು ನಂಗಿರ್ಲಿಲ್ಲ. ಅದಕ್ಕೇ ಬೇರೆ ಬರೆದೆ. ಈಗಾದ್ರೂ ಹೇಳ್ತೀಯಾ?"

ಹಿಂದಿಯಲ್ಲಿ ಅಮ್ಮನ ಕೊನೆಯ ಫೋನಿನ ಕಥೆ ಮೂರು ವಾಕ್ಯಕ್ಕೆ ಮುಗಿದುಹೋಯಿತು. ಅತ್ತ ಕಡೆ ಬಸ್ಸುಗಳ ಹಾರ್ನ್ ಕೇಳುತ್ತಿತ್ತು. ಫೋನ್ ಇಟ್ಟಾಗ ಆಫೀಸಿನಿಂದ ಗಂಡ ಬರಲು ಇನ್ನೂ ಎರಡು ಗಂಟೆ ಇತ್ತು. ದೀಪ ಹಾಕದೆ ಕೂತೇ ಇದ್ದೆ.