ನಾಲ್ಕು ಬೆರಳಿನ ಹಳಿ

ನಮ್ಮ ಬೋಗಿಗಳು ಹಳಿ ಮೇಲೆ ಕೂರದೆ ಹೋದದ್ದಕ್ಕೆ ಕಾರಣ ಬೆರಳು. ಬೇರೇನೂ ಅಲ್ಲ. ಬಿಸಿಲಿಗೆ ಹಳಿ ಹಿಗ್ಗಿದೆ ಎಂದರು ಬೀಗರು. ಯಾರದೋ ಕಣ್ಣು ಬಿದ್ದಿದೆ ಎಂದಳು ಮಗಳು. ಎರಡೂ ಸುಳ್ಳು. ಬೀಗರ ಬೆರಳು ದಪ್ಪ, ನನ್ನ ಬೆರಳು ಸಣ್ಣ. ಆದದ್ದು ಅಷ್ಟೇ.

ಬೀಗರು ಎಂದರೆ ನನ್ನ ಮಗಳ ಮಾವ. ಹರಿಹರದ ಒಂದು ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದು ನಿವೃತ್ತರಾದವರು. ಕೆಲಸ ಬಿಟ್ಟ ಗಂಡಸು ಮನೆಯಲ್ಲಿ ಏನು ಮಾಡುತ್ತಾನೆ? ಅಡುಗೆಮನೆ ಬಾಗಿಲಿಗೆ ಬಂದು ನಿಲ್ಲುತ್ತಾನೆ. ಸಾರಿಗೆ ಉಪ್ಪು ಜಾಸ್ತಿಯಾಯಿತು, ಗ್ಯಾಸು ಸಣ್ಣ ಮಾಡು, ಬೇಳೆ ಯಾಕೆ ಇನ್ನೂ ಬೆಂದಿಲ್ಲ ಎನ್ನುತ್ತಾನೆ. ಇವರೂ ಒಂದು ವರ್ಷ ಹಾಗೇ ಮಾಡಿದರು. ಮುಖ ಸಪ್ಪಗೆ ಮಾಡಿಕೊಂಡು ಓಡಾಡುತ್ತಿದ್ದರು. ಆಮೇಲೆ ತಲೆಗೆ ಅದೇನು ಹೊಳೆಯಿತೋ, ಹಿತ್ತಲಿನಲ್ಲಿ ರೈಲು ಹಾಕಿದರು.

ಅಂಗಡಿಯಿಂದ ತಂದ ಆಟದ ರೈಲಲ್ಲ ಅದು. ಕಬ್ಬಿಣದ ಪಟ್ಟಿ ಬಗ್ಗಿಸಿ, ಮರದ ತುಂಡುಗಳ ಮೇಲೆ ಮೊಳೆ ಹೊಡೆದು, ನಿಂಬೆ ಗಿಡ, ಕರಿಬೇವಿನ ಗಿಡ, ಬಟ್ಟೆ ಒಗೆಯುವ ಕಲ್ಲು ಎಲ್ಲವನ್ನೂ ಸುತ್ತಿ ಬರುವ ಹಾಗೆ ಮಾಡಿದ ಹಳಿ. ಎಂಜಿನ್ನು ಮೊಳದುದ್ದ. ಅದರ ಹೊಟ್ಟೆಯಲ್ಲಿ ಹಳೇ ಕಾರಿನ ಗಾಜು ಒರೆಸುವ ಮೋಟಾರು, ಒಂದು ಸ್ಕೂಟರಿನ ಬ್ಯಾಟರಿ. ನಾನು ಮೊದಲ ಸಲ ನೋಡಿದಾಗ ಎಂಜಿನ್ನೊಂದೇ, ಸದ್ದಿಲ್ಲದೆ ಸುತ್ತುತ್ತಿತ್ತು. ಬೀಗರು ಶಿಳ್ಳೆ ಹಾಕುತ್ತಾ ಅದರ ಹಿಂದೆ ನಡೆಯುತ್ತಿದ್ದರು. ಮಗಳನ್ನು ಆ ಮನೆಗೆ ಕೊಟ್ಟು ಇಷ್ಟು ವರ್ಷವಾಯಿತು, ಆ ಮನುಷ್ಯ ಶಿಳ್ಳೆ ಹಾಕಿದ್ದನ್ನು ನಾನು ಕೇಳಿರಲಿಲ್ಲ.

"ಬೋಗಿ ಎಲ್ಲೈತ್ರಿ ಬೀಗರೆ?" ಎಂದೆ.

ಗೋಡೆ ಪಕ್ಕದಲ್ಲಿದ್ದ ಒಂದನ್ನು ತೋರಿಸಿದರು. ಕಾರ್ಖಾನೆ ಕೈ ನೋಡಿ, ದಪ್ಪ ಪ್ಲೇಟಿನಲ್ಲಿ ಮಾಡಿದ್ದರು. ಎತ್ತಲು ಹೋದೆ, ಸೊಂಟ ಹಿಡಿಯಿತು. ಅದನ್ನು ಕಟ್ಟಿದರೆ ಎಂಜಿನ್ನು ನಿಂತಲ್ಲೇ ಗುಂಯ್ ಎನ್ನುತ್ತದೆಯಂತೆ.

"ಇದು ಬೋಗಿ ಅಲ್ರಿ, ಬೀರು. ಬಾಗ್ಲು ಇಟ್ಟು ಸೀರೆ ಜೋಡಿಸ್ರಿ."

"ಅನ್ನೋದು ಸುಲಭ ಐತೆ ಬೀಗ್ತೇರೆ. ರೊಟ್ಟಿ ಬಡಿಯೋ ಕೈಲಿ ಒಂದು ಬೋಗಿ ಮಾಡ್ಕಂಡು ಬರ್ರಿ ನೋಡಾಣ."

"ಒಂದಲ್ಲ, ಮೂರು ಮಾಡ್ತೀನಿ. ಗಾಲಿ ಮಾತ್ರ ನೀವು ಕೊಡ್ರಿ."

ಆಗ ಬೀಗರ ಹೆಂಡತಿ ಹಿಂಬಾಗಿಲಲ್ಲಿ ನಿಂತಿದ್ದರು. ಆಕೆ ನನಗೆ ಬೀಗಿತ್ತಿ. ಕೊಂಡಜ್ಜಿ ಊರಿನ ಹೆಣ್ಣು, ಮಾತು ಕಡಿಮೆ, ಆಡಿದರೆ ಮುಗಿಯಿತು. ಬೇಸಿಗೆಯಲ್ಲಿ ಆಕೆ ಹಾಕುವ ಸಂಡಿಗೆ ತನ್ನ ಮನೆಗೆ, ತವರಿಗೆ, ನಮ್ಮ ಮನೆಗೆ, ಎಲ್ಲರಿಗೂ ಆಗಬೇಕು; ಅಷ್ಟನ್ನೂ ಒಂದೇ ದಿನ ಹಾಕುವುದಕ್ಕೆ ದೊಡ್ಡ ಸಂಡಿಗೆ ಎನ್ನುತ್ತಾರೆ. ಸಂಡಿಗೆ ಹರಡುವ ಜಾಗದ ತುಂಬ ಈಗ ಹಳಿ. ಅಂದೇ ತೀರ್ಪು ಕೊಟ್ಟುಬಿಟ್ಟರು.

"ಒಂಟಿ ಎಂಜಿನ್ನು ಹಿಂದೆ ಓಡಾಡೋದು ಸಾಕು. ದೊಡ್ಡ ಸಂಡಿಗೆ ಹಾಕೋ ದಿನದೊಳಗೆ ಬೋಗಿ ಓಡಿದ್ರೆ ಇರ್ಲಿ. ಇಲ್ಲಾಂದ್ರೆ ಗುಜರಿಯೋನಿಗೆ ಹೇಳ್ತೀನಿ. ಹಳಿ, ಎಂಜಿನ್ನು, ಆ ಬೀರು, ಎಲ್ಲಾ ಒಯ್ಲಿ."

ಬೀಗರು ಬಗ್ಗಿ ಎಂಜಿನ್ನು ನಿಲ್ಲಿಸಿದರು. ಶಿಳ್ಳೆ ನಿಂತಿತು. ಅದು ನನಗೆ ಸರಿ ಬರಲಿಲ್ಲ.

ದಾವಣಗೆರೆಗೆ ಬಂದು ಕೆಲಸ ಶುರು ಮಾಡಿದೆ. ನಿಜಲಿಂಗಪ್ಪ ಬಡಾವಣೆಯಲ್ಲಿ ನಾನಿರುವುದು ಮಗನ ಮನೆಯಲ್ಲಿ. ನಾನು ಓದಿದ್ದು ಮೂರನೇ ಕ್ಲಾಸು, ಅದೂ ಕಡರನಾಯಕನಹಳ್ಳಿಯಲ್ಲಿ, ಮಾಸ್ತರರು ಬಂದ ದಿನ ಮಾತ್ರ. ಆದರೆ ಎಣ್ಣೆ ಡಬ್ಬದ ತಗಡು ನನಗೆ ಗೊತ್ತು. ಕಸ ತುಂಬುವ ಮೊರ, ಕೋಳಿಗೂಡಿನ ಬಾಗಿಲು, ಕಾಳು ತುಂಬುವ ಹಗೇವಿನ ಮುಚ್ಚಳ, ಏನು ಬೇಕೋ ಅದನ್ನು ಆ ತಗಡಿನಲ್ಲಿ ಮಾಡಿದವಳು ನಾನು. ತಗಡು ಕತ್ತರಿ ಎಲ್ಲಿ ಜಾರುತ್ತದೆ, ಎಲ್ಲಿ ಬೆರಳು ಕುಯ್ಯುತ್ತದೆ ಎಂದು ಕೈಗೇ ಗೊತ್ತು.

ಡಬ್ಬ ಬಿಚ್ಚಿ, ಬಡಿದು, ಚಪ್ಪಟೆ ಮಾಡಿ, ಒಂದೂವರೆ ಗೇಣುದ್ದದ ಬೋಗಿಗಳನ್ನು ಮಡಿಸಿದೆ. ಕಿಟಕಿ ಕೊರೆದು ಕಸಬರಿಗೆ ಕಡ್ಡಿಯ ಸರಳು ಹಾಕಿದೆ. ಐಸ್‌ಕ್ರೀಮ್ ಕಡ್ಡಿಯಲ್ಲಿ ಬೆಂಚು. ಒಂದು ಬೋಗಿಗೆ ಗೇಟಿಗೆ ಬಳಿದು ಉಳಿದಿದ್ದ ಹಸಿರು ಬಣ್ಣ ಹೊಡೆದು ಹೆಂಗಸರ ಬೋಗಿ ಮಾಡಿದೆ. ಇನ್ನೊಂದರ ಮೇಲೆ ಡಬ್ಬದ ಸೂರ್ಯಕಾಂತಿ ಹೂ ಹಾಗೇ ಬಿಟ್ಟೆ, ಚಂದ ಇತ್ತು. ಮೂರನೆಯದು ಮೇಲೆ ತೆರೆದ ಮಾಲುಬೋಗಿ. ಪ್ರತಿ ಬೋಗಿಯ ಮೂಲೆಗೆ ಒಂದು ಚಿಕ್ಕ ಗೂಡು ಕಟ್ಟಿ ಬಾಗಿಲು ಇಟ್ಟೆ.

ಸೊಸೆ ಬಗ್ಗಿ ನೋಡಿದಳು. "ಇದೇನ್ರಿ ಅತ್ತೆ, ಮೂಲ್ಯಾಗೆ?"

"ಸಂಡಾಸು."

"ಅಯ್ಯೋ, ಆಟದ ರೈಲಿಗೆ ಸಂಡಾಸ್ ಯಾಕ್ರಿ? ಅದೂ ಮಾಲುಬೋಗಿಗೆ?"

"ನೀನು ಹತ್ತಿ ಕೂತ್ಕ, ಆಮ್ಯಾಲೆ ಯಾಕಂತ ತಿಳಿತೈತೆ."

ಗಾಲಿ ಪೋಣಿಸುವ ಅಚ್ಚಿಗೆ ಗಟ್ಟಿ ಸರಳು ಬೇಕಿತ್ತು. ನಮ್ಮ ಮನೆಯವರ ಛತ್ರಿ ಅಟ್ಟದ ಮೇಲಿತ್ತು. ಅವರು ಹೋದ ಮೇಲೆ ಯಾರೂ ಹಿಡಿದಿರಲಿಲ್ಲ. ಅದರ ನಡುವಿನ ಕೋಲು ಕತ್ತರಿಸಿದೆ. ಮಗ ಮುಖ ನೋಡಿದ. ನಿಮ್ಮಪ್ಪನನ್ನು ನೆನೆಯಲು ನನಗೆ ಛತ್ರಿ ಬೇಕಿಲ್ಲ ಎಂದೆ. ಬೀಗರ ಛತ್ರಿಯೂ ಅದೇ ಥರದ್ದು, ಒಂದೇ ಅಂಗಡಿಯಲ್ಲಿ ಕೊಂಡದ್ದು. ಅದರ ಕೋಲಿನ ದಪ್ಪಕ್ಕೆ ಸರಿಯಾಗಿ ಅವರು ಲೇತ್ ಅಂಗಡಿಯಲ್ಲಿ ಗಾಲಿಗಳಿಗೆ ತೂತು ಹಾಕಿಸಿ ಮಗಳ ಕೈಲಿ ಕಳಿಸಿದರು. ಸುತ್ತಿಗೆಯಲ್ಲಿ ತಟ್ಟಿದರೆ ಗಾಲಿ ಬಿಗಿಯಾಗಿ ಕೂರುತ್ತಿತ್ತು. ಎರಡು ಗಾಲಿಯ ನಡುವೆ ಎಷ್ಟು ಜಾಗ ಬಿಡಬೇಕು ಎಂದು ತಿಳಿಯದೆ ಫೋನು ಮಾಡಿದೆ.

"ಬೀಗರೆ, ನಿಮ್ಮ ಹಳಿ ಎಷ್ಟಗಲ ಐತೆ?"

"ಮಿಲಿಮೀಟರ್ ಲೆಕ್ಕದಾಗೆ ಹೇಳ್ಲೇನ್ರಿ?"

"ಅದು ನನಗೆ ತಿಳಿಯಲ್ಲ. ಕೈ ಇಟ್ಟು ನೋಡಿ ಹೇಳ್ರಿ."

ಹೋಗಿ ನೋಡಿ ಬಂದರು. "ನಾಲ್ಕು ಬೆರಳು. ಬಿಗಿಯಾಗಿ ನಾಲ್ಕು ಬೆರಳು ಕುಂದ್ರತೈತೆ."

ನಾನೂ ಬಿಗಿಯಾಗಿ ನಾಲ್ಕು ಬೆರಳು ಇಟ್ಟು ಗಾಲಿ ಬಡಿದೆ. ನನ್ನ ನಾಲ್ಕು ಬೆರಳು.

ದೊಡ್ಡ ಸಂಡಿಗೆಯ ಹಿಂದಿನ ದಿನ ಬೋಗಿಗಳನ್ನು ಚೀಲಕ್ಕೆ ತುಂಬಿಕೊಂಡು ಹರಿಹರದ ಬಸ್ಸು ಹತ್ತಿದೆ. ಸರ್ಕಾರಿ ಬಸ್ಸು, ಹೆಂಗಸರು ದುಡ್ಡು ಕೊಡಬೇಕಿಲ್ಲ. ಕಂಡಕ್ಟರ್ ಆಧಾರ್ ಕಾರ್ಡು ನೋಡಿ, ಚೀಲ ನೋಡಿದ.

"ಏನೈತೆ ಅಜ್ಜಿ, ಇಷ್ಟು ಸದ್ದು ಮಾಡ್ತೈತೆ?"

"ರೈಲು."

"ಏನು?"

"ರೈಲಪ್ಪ. ಮೂರು ಬೋಗಿ."

ಚೀಲದೊಳಗೆ ಬಗ್ಗಿ ನೋಡಿ ನಕ್ಕ. "ಬಸ್ಸಿನಾಗೆ ರೈಲು ಒಯ್ಯಂಗಿಲ್ಲ. ಹೆಂಗಸ್ರಿಗೆ ಫ್ರೀ ಐತೆ, ರೈಲಿಗೆ ಟಿಕೇಟ್ ಐತೆ."

ಹಸಿರು ಬೋಗಿ ಎತ್ತಿ ತೋರಿಸಿದೆ. "ಸರಿಯಾಗಿ ನೋಡು. ಇದು ಲೇಡೀಸ್ ಬೋಗಿ."

ಬಸ್ಸೆಲ್ಲ ನಕ್ಕಿತು. ಹರಿಹರದವರೆಗೂ ಬೋಗಿ ಕೈಯಿಂದ ಕೈಗೆ ಹೋಯಿತು. ಒಬ್ಬಾಕೆ ಸಂಡಾಸಿನ ಬಾಗಿಲು ತೆರೆದು ನೋಡಿ, "ಇದೊಂದು ಭಾಳ ಚಲೋ ಮಾಡೀರಿ ಅಮ್ಮ" ಎಂದಳು. ನಾನು ಹಿಗ್ಗಿದೆ ಎಂದು ಬೇರೆ ಹೇಳಬೇಕೇ? ಆ ನೂಕಾಟದಲ್ಲಿ ಬೋಗಿ ಜೋಡಿಸುವ ಕೊಕ್ಕೆಗಳು ಎಲ್ಲೋ ಬಿದ್ದುಹೋದವು, ಆಗ ಗೊತ್ತಾಗಲಿಲ್ಲ.

ಹಿತ್ತಲಿಗೆ ಹೋದಾಗ ಬೀಗಿತ್ತಿ ಗೋಡೆ ಪಕ್ಕದಲ್ಲಿ ಉಳಿದಿದ್ದ ಚೂರು ಜಾಗದಲ್ಲಿ ಹಳೇ ಸೀರೆ ಹಾಸಿ ಮೊದಲ ಒಬ್ಬೆ ಸಂಡಿಗೆ ಹಾಕಿ, ಉದ್ದ ಕೋಲು ಹಿಡಿದು ಕಾಗೆ ಓಡಿಸುತ್ತಾ ಕೂತಿದ್ದರು. ನನ್ನನ್ನು ನೋಡಿ, "ಬರ್ರಿ, ಕೂಡ್ರಿ. ಗುಜರಿಯೋನಿಗೆ ನಾಳೆ ಬೆಳಗ್ಗೆ ಬಾ ಅಂದೀನಿ" ಎಂದರು. ಚಹಾ ಆಮೇಲೆ ಬಂತು.

ಬೀಗರು ಹಸಿರು ಬೋಗಿ ಎತ್ತಿ, ತಿರುಗಿಸಿ, ಕಿಟಕಿಯೊಳಗೆ ಕಣ್ಣಿಟ್ಟು ನೋಡಿ, ಮಗು ಮಲಗಿಸುವ ಹಾಗೆ ಹಳಿ ಮೇಲೆ ಇಟ್ಟರು. ಗಾಲಿಗಳು ಎರಡು ಹಳಿಯ ನಡುವೆ ಇಳಿದವು. ಬೋಗಿ ಹೊಟ್ಟೆ ಊರಿ ಕೂತಿತು. ಎರಡನೆಯದೂ ಹಾಗೆ. ಮೂರನೆಯದೂ ಹಾಗೆ.

ಆಗಲೇ ಬಿಸಿಲು, ಕಣ್ಣು ಎಂಬ ಮಾತೆಲ್ಲ ಬಂದದ್ದು. ನಾನು ಕುಕ್ಕರಗಾಲಲ್ಲಿ ಕೂತು ಹಳಿಯ ನಡುವೆ ಕೈ ಇಟ್ಟೆ. ನಾಲ್ಕು ಬೆರಳಿಟ್ಟ ಮೇಲೂ ಹೆಬ್ಬೆರಳು ಹೋಗುವಷ್ಟು ಜಾಗ.

"ನಿಮ್ಮ ಕೈ ಇಡ್ರಿ ಬೀಗರೆ."

ಪಕ್ಕದಲ್ಲಿ ಅವರ ಕೈ ಬಂತು. ಬೆರಳೋ, ಬಾಳೆಕಾಯೋ. ಬಿಗಿಯಾಗಿ ಕೂತಿತು.

ಸಂಡಿಗೆ ಕಡೆಯಿಂದ ಬೀಗಿತ್ತಿ ಕೂಗಿದರು. "ಈ ವಯಸ್ಸಿನಾಗೆ ಬೀಗರೂ ಬೀಗ್ತೇರೂ ಕೈ ಕೈ ಜೋಡಿಸ್ಕಂಡು ಏನ್ ನೋಡ್ತಾ ಕುಂತೀರಿ?"

"ನಿಮ್ಮ ಯಜಮಾನ್ರು ಯಾವ ಗಿರಣಿ ಹಿಟ್ಟು ತಿಂದು ಇಷ್ಟು ದಪ್ಪ ಬೆರಳು ಬೆಳೆಸ್ಯಾರೆ ಅಂತ ನೋಡ್ತಿದ್ದೆ" ಎಂದೆ.

ಬೀಗರಿಗೂ ನಗು ಬಂತು. "ನಿಮ್ದು ಮೀಟರ್ ಗೇಜು, ನಮ್ದು ಬ್ರಾಡ್ ಗೇಜು."

"ಹಂಗಾದ್ರೆ ಹಳಿ ಸಣ್ಣ ಮಾಡ್ರಿ."

"ಹಳಿ ಸಣ್ಣ ಮಾಡಿದ್ರೆ ಎಂಜಿನ್ನು ಏನ್ ಆಕಾಶದಾಗೆ ಓಡ್ತೈತಾ? ಮೊದ್ಲು ದಾವಣಗೆರೆ ದಾರಿನೂ ಸಣ್ಣ ಹಳಿದೇ. ಅಗಲ ಮಾಡಿದ್ರೇ ಹೊರತು ಯಾರೂ ವಾಪಸ್ ಸಣ್ಣ ಮಾಡ್ಲಿಲ್ಲ."

ಹಾಗಾದರೆ ಬೋಗಿಗಳೇ ಕಾಲು ಅಗಲಿಸಬೇಕು. ಅಚ್ಚು ಉದ್ದ ಬೇಕು. ಅದೇ ದಪ್ಪದ ಸರಳು ಆ ಮನೆಯಲ್ಲಿ ಒಂದೇ ಕಡೆ ಇತ್ತು. ನಾನು ಗೋಡೆಗೆ ನೇತು ಹಾಕಿದ್ದ ಛತ್ರಿ ನೋಡಿದೆ. ಬೀಗರೂ ನೋಡಿದರು.

"ಅದೊಂದು ಬ್ಯಾಡ ಬೀಗ್ತೇರೆ. ದಿನಾ ಹೊಳಿ ಕಡೆ ಹೋಗಕೆ ಬೇಕು. ಮಳೆ ಬಂದ್ರೆ?"

"ಈ ಬ್ಯಾಸಿಗ್ಯಾಗೆ ಯಾವ ಮಳೆ ರೀ?" ಎಂದರು ಬೀಗಿತ್ತಿ, ಕೋಲು ಬೀಸುತ್ತಾ. "ಇಟ್ಕಳ್ರಿ. ನಾಳೆ ಗುಜರಿಯೋನಿಗೆ ಹಳಿ ಕೊಟ್ಟು ಛತ್ರಿ ಹಿಡ್ಕಂಡು ಅಡಿಗಿ ಮನಿ ಬಾಗ್ಲಾಗೆ ನಿಂದ್ರೀರಂತೆ."

ಬೀಗರು ಎದ್ದು ಹೋಗಿ ಛತ್ರಿ ತಂದರು. ತಾವೇ ಬಟ್ಟೆ ಬಿಚ್ಚಿ, ಕಡ್ಡಿ ಕಿತ್ತು, ಕೋಲನ್ನು ಒಗೆಯುವ ಕಲ್ಲಿನ ಮೇಲಿಟ್ಟು ಗರಗಸ ಎಳೆದರು. ಪ್ರತಿ ತುಂಡಿಗೂ ತಮ್ಮ ಬೆರಳನ್ನೇ ಇಟ್ಟು ಅಳೆದರು, ನನ್ನ ಕೈ ಹತ್ತಿರ ಬಿಡಲಿಲ್ಲ. ನಾನು ಹಳೇ ಗಾಲಿ ಬಡಿದು ಬಿಡಿಸಿದೆ, ಅವರು ಹೊಸ ಅಚ್ಚಿಗೆ ಹೊಡೆದರು. ಗಾಲಿಗಳು ಬೋಗಿಯ ಎರಡೂ ಕಡೆ ಹೊರಗೆ ಚಾಚಿಕೊಂಡು, ಎಳೆಗರು ಕಾಲು ಅಗಲಿಸಿ ನಿಂತ ಹಾಗೆ ಕಂಡಿತು. ನನಗೆ ಅದು ಒಪ್ಪಲಿಲ್ಲ. ಉಳಿದ ತಗಡಿನಲ್ಲಿ ಎರಡು ಪಟ್ಟಿ ಕತ್ತರಿಸಿ, ಗಾಲಿ ಮುಚ್ಚುವ ಹಾಗೆ ಉದ್ದಕ್ಕೂ ಮೆಟ್ಟಿಲು ಮಾಡಿ ಸಿಕ್ಕಿಸಿದೆ. ಮೊದಲಿಗಿಂತ ಚಂದವಾಯಿತು. ನಿಜವಾದ ಬೋಗಿಗೂ ಮೆಟ್ಟಿಲು ಇರುತ್ತದೆ, ಮರೆತಿದ್ದೆ.

ಕೊಕ್ಕೆ ಇಲ್ಲ ಎಂದು ತಿಳಿದದ್ದು ಆಗ. ನನ್ನ ಬಳೆಗೆ ಸಿಕ್ಕಿಸಿದ್ದ ಪಿನ್ನು ತೆಗೆದೆ. ಮಗಳು ತನ್ನದು ಕೊಟ್ಟಳು. ಇನ್ನೊಂದು ಬೇಕಿತ್ತು. ಬೀಗಿತ್ತಿ ಕೂತಲ್ಲಿಂದಲೇ ತಮ್ಮ ಬಳೆಯಿಂದ ಪಿನ್ನು ತೆಗೆದು ಮಣ್ಣಿನ ಮೇಲೆ ನನ್ನ ಕಡೆ ಎಸೆದರು. ಮತ್ತೆ ಕೋಲು ಎತ್ತಿ ಕಾಗೆಗಳ ಕಡೆ ತಿರುಗಿದರು.

ಬಿಸಿಲು ಇಳಿಮುಖವಾದಾಗ ಎಂಜಿನ್ನಿಗೆ ಬೋಗಿ ಕಟ್ಟಿದೆವು. ಬೀಗರು ಗುಂಡಿ ಒತ್ತಿದರು. ಎಂಜಿನ್ನು ಒಮ್ಮೆ ಜಗ್ಗಿತು. ಪಿನ್ನುಗಳು ಬಿಗಿದವು. ಹೊರಟಿತು.

ಅಬ್ಬಾ, ಆ ಸದ್ದು! ಮೂರು ಬೋಗಿಯ ತಗಡು, ಕಡ್ಡಿ, ಬೆಂಚು, ಸಂಡಾಸಿನ ಬಾಗಿಲು ಎಲ್ಲ ಒಟ್ಟಿಗೆ ಗಡಗಡ, ಚಟಚಟ. ಪಾತ್ರೆ ಬುಟ್ಟಿ ಮೆಟ್ಟಿಲ ಮೇಲಿಂದ ಉರುಳಿದ ಹಾಗೆ. ನಿಂಬೆ ಗಿಡ ದಾಟಿತು. ಒಗೆಯುವ ಕಲ್ಲಿನ ತಿರುವಿನಲ್ಲಿ ಹಸಿರು ಬೋಗಿ ವಾಲಿತು, ಮತ್ತೆ ನೆಟ್ಟಗಾಯಿತು. ಒಂದು ಸುತ್ತು ಬಂತು. ಬೀಗರು ಪಂಚೆ ಮೇಲೆತ್ತಿ ಕಟ್ಟಿ ಅದರ ಹಿಂದೆ ಓಡಿದರು. ಮಗಳು ಚಪ್ಪಾಳೆ ಹೊಡೆದಳು. ನಾನು, "ಹಾಳು ತಗಡು, ಊರಿಗೆಲ್ಲ ಕೇಳ್ತೈತೆ. ಒಳಗೆ ಬಟ್ಟೆ ತುರುಕ್ತೀನಿ ತಡೀರಿ" ಎಂದು ಎದ್ದೆ.

"ತಡೀರಿ" ಎಂದರು ಬೀಗಿತ್ತಿ.

ಆಕೆ ರೈಲು ನೋಡುತ್ತಿರಲಿಲ್ಲ. ಗೋಡೆ ನೋಡುತ್ತಿದ್ದರು. ಗೋಡೆ ಮೇಲೆ ಸಾಲಾಗಿ ಕೂತಿದ್ದ ಕಾಗೆಗಳು ಒಂದೂ ಇರಲಿಲ್ಲ. ಬೆಳಗಿನಿಂದ ಕೋಲಿಗೆ ಹೆದರದವು, ಪಕ್ಕದ ಮನೆಯ ತೆಂಗಿನ ಮರಕ್ಕೆ ಹೋಗಿ ಕೂತಿದ್ದವು. ಎರಡನೇ ಸುತ್ತಿಗೆ ಒಂದು ಕಾಗೆ ಧೈರ್ಯ ಮಾಡಿ ಇಳಿಯಿತು. ರೈಲು ಹತ್ತಿರ ಬಂದದ್ದೇ, ಕಾ ಎಂದು ಹಾರಿತು. ಒಂಟಿ ಎಂಜಿನ್ನು ಇಷ್ಟು ದಿನ ಸುತ್ತಿದ್ದರೂ ಅವಕ್ಕೆ ಏನೂ ಅನ್ನಿಸಿರಲಿಲ್ಲ.

ಬೀಗಿತ್ತಿ ಕೋಲು ಕೆಳಗಿಟ್ಟರು. ಗಂಡನನ್ನು ನೋಡಿ ವ್ಯಾಪಾರದ ದನಿಯಲ್ಲಿ ಕೇಳಿದರು.

"ಇದು ಎಷ್ಟೊತ್ತು ಓಡ್ತೈತ್ರಿ?"

ಬೀಗರಿಗೆ ಏದುಸಿರು. "ಬ್ಯಾಟ್ರಿ... ಇರೋ ತನಕ."

"ಹಂಗಾದ್ರೆ ಇನ್ನೊಂದು ಬ್ಯಾಟ್ರಿ ತರ್ರಿ. ಹಳಿನ ಆ ಗ್ವಾಡಿ ತನಕ ಬೆಳಸ್ರಿ. ನಾಳೆ ಸಂಡಿಗೆ ಎಲ್ಲಾ ಹಳಿ ಒಳಗೆ ಬರ್ಬೇಕು, ರೈಲು ಹೊರಗೆ ಸುತ್ಬೇಕು."

ಬೀಗರು ಕಲ್ಲಿನ ಮೇಲೆ ಕೂತರು. ಸ್ವಲ್ಪ ಹೊತ್ತಿಗೆ ಶಿಳ್ಳೆ ಶುರುವಾಯಿತು. ಕತ್ತಲಾಗುವವರೆಗೂ ಗೋಡೆ ತನಕ ಹಳಿ ಎಳೆದರು. ಬೀಗಿತ್ತಿ ತಾವೇ ಮೊಳೆ ಹಿಡಿದು ಕೊಟ್ಟರು. ರಾತ್ರಿ ಊಟಕ್ಕೆ ಹಸಿ ಸಂಡಿಗೆಯ ಹಿಟ್ಟನ್ನೇ ಒಂದು ಬಟ್ಟಲು ನನ್ನ ತಟ್ಟೆಯ ಪಕ್ಕ ಇಟ್ಟರು. ಅದು ಅವರ ಮನೆಯಲ್ಲಿ ಮಕ್ಕಳಿಗೂ ಸಿಗುವುದಿಲ್ಲ ಎಂದು ಮಗಳು ಕಿವಿಯಲ್ಲಿ ಹೇಳಿದಳು.

ಒಂದು ಮಾತು ಮಾತ್ರ ನಾನು ಯಾರಿಗೂ ಹೇಳಲಿಲ್ಲ. ಕಾಗೆ ದಡ್ಡ ಪಕ್ಷಿಯಲ್ಲ. ಯಾವ ಸದ್ದಾದರೂ ನಾಲ್ಕು ದಿನದಲ್ಲಿ ಅದಕ್ಕೆ ಅಭ್ಯಾಸವಾಗುತ್ತದೆ. ಆಮೇಲೆ ಬೇರೆ ಸದ್ದು ಬೇಕು.

ಮರುದಿನ ಬೆಳಿಗ್ಗೆ ಎಲ್ಲರಿಗಿಂತ ಮೊದಲೇ ಎದ್ದು ಗೇಟಿನ ಹತ್ತಿರ ನಿಂತೆ. ಗುಜರಿಯವನು ಗಾಡಿ ತಳ್ಳಿಕೊಂಡು ಬಂದ. ಕೊಡುವುದಕ್ಕೆ ಏನೂ ಇಲ್ಲ, ಹೋಗು ಎಂದೆ. ಅವನು ಗಾಡಿ ತಿರುಗಿಸುವಾಗ ನಿಲ್ಲು ಎಂದು, ಅವನ ಡಬ್ಬಗಳನ್ನು ಒಂದೊಂದಾಗಿ ಎತ್ತಿ, ಕಿವಿಯ ಹತ್ತಿರ ಹಿಡಿದು, ಬಡಿದು ಬಡಿದು ನೋಡಿ, ಎಲ್ಲಕ್ಕಿಂತ ಕೆಟ್ಟದಾಗಿ ಕೂಗುವ ಎರಡನ್ನು ಆರಿಸಿಕೊಂಡೆ.